ಬಿಜಾಪುರದ ಪಟ್ಟವೂ ಶಿರಾದ ಕೋಟೆಯೂ

ಒಂದು ದಿನ ತುಮಕೂರಿನಲ್ಲಿ, ನಾನು ಪಾಠ ಹೇಳುವ ಕಾಲೇಜಿನ ತರಗತಿಯಲ್ಲಿ, ಬಿಜಾಪುರದ ಆದಿಲ್‌ಷಾಹಿ ಸುಲ್ತಾನರ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಿ, ಕೈಗೆ ಅಂಟಿದ್ದ ಸೀಮೆಸುಣ್ಣವನ್ನು ಕೊಡವಿಕೊಳ್ಳುತ್ತಿದ್ದೆನು. ಕುಣಿಗಲ್ ಕಡೆಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಈ ಒಂಬತ್ತು ಹೆಸರುಗಳಿಗೂ ನಮ್ಮ ಊರಿಗೂ ಏನು ಸಂಬಂಧ? ಅಲ್ಲಿ ಯಾರ ಮಗ ಯಾರಾದರೆ ನಮಗೇನು?” ಎಂದು ಕೇಳಿದನು. ತರಗತಿಯು ನಕ್ಕಿತು. ಪರೀಕ್ಷೆಯಲ್ಲಿ ಕೇಳುತ್ತಾರಪ್ಪ ಎಂದು ನಾನೂ ನಕ್ಕು ಉತ್ತರವಿತ್ತೆನು. ಆ ಉತ್ತರವು ಅಧ್ಯಾಪಕನಿಗೆ ತಕ್ಕುದಲ್ಲವೆಂದು ಸಂಜೆ ಮನೆಗೆ ಹೋಗುವಾಗ ತೋರಿತು. ಈ ಹೊತ್ತಿನ ಭಾಷಣವು ಆ ಹುಡುಗನಿಗೆ ನಾನು ಸಲ್ಲಿಸಬೇಕಾಗಿದ್ದ ಬಾಕಿ ಎಂದು ಕೇಳುಗರು ಭಾವಿಸಬೇಕು.

ತುಮಕೂರಿನಿಂದ ಉತ್ತರಕ್ಕೆ ಮೂವತ್ತು ಮೈಲಿಗೆ ಮೇಲ್ಪಟ್ಟು ಹೋದರೆ ಶಿರಾ ಸಿಕ್ಕುತ್ತದೆ. ಅಲ್ಲಿ ಕೋಟೆಯ ಅವಶೇಷವಿದೆ. ಬಿಜಾಪುರದವರ ಪರವಾಗಿ ಆಳಿದ ಮಲಿಕ್ ರಿಹಾನನ ಗೋರಿಯಿದೆ. 1696ರಲ್ಲಿ ಕಡೆದ ಕಲ್ಲಿನಿಂದ ಕಟ್ಟಿದ ಜುಮ್ಮಾ ಮಸೀದಿಯಿದೆ. ಮಲಿಕ್ ರಿಹಾನನ ಒಡೆಯರು ಬಿಜಾಪುರದ ಸುಲ್ತಾನರು. ಮಸೀದಿ ಎದ್ದ ಕಾಲಕ್ಕೆ ಒಡೆತನವು ದೆಹಲಿಯ ಮೊಗಲರದಾಗಿತ್ತು. ಇವೆರಡು ಕಟ್ಟಡಗಳ ನಡುವೆ ಅರ್ಧ ಶತಮಾನವೂ ಕಳೆದಿಲ್ಲ. ಈ ಕೈಬದಲು ಹೇಗಾಯಿತೆಂದು ವಿಚಾರಿಸುತ್ತ ಹೋದರೆ, ಬಿಜಾಪುರದ ಅರಮನೆಯೊಳಗೆ ಒಬ್ಬ ಹುಡುಗನು ದೊರೆಯ ಹೊಟ್ಟೆಯಲ್ಲಿ ಹುಟ್ಟಿದವನೋ ಅಲ್ಲವೋ ಎಂಬ ವಿವಾದಕ್ಕೆ ಬಂದು ಮುಟ್ಟುತ್ತೇವೆ. ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ತುಮಕೂರಿನ ನ್ಯಾಯಾಲಯದ ಅಂಗಳದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಗುಬ್ಬಿಯ ರೈತನು ತೆಂಗಿನ ತೋಟದ ವ್ಯಾಜ್ಯಕ್ಕೆಂದು ಬಂದು, ತಾನೇ ‘ವಾರಸುದಾರ’ನೆಂದು ವಾದಿಸುತ್ತಾನೆ. ಆ ಮಾತಿನ ಬೇರು ಅರಬ್ಬಿಯದು, ಬಾಲವು ಪಾರಸಿಯದು. ಅದನ್ನು ನಮ್ಮ ಸೀಮೆಗೆ ತಂದದ್ದು ಇದೇ ಬಗೆಯ ದರಬಾರುಗಳ ಕಾಗದಪತ್ರ. ಜಮೀನು, ದಸ್ತಾವೇಜು, ಜಮಾಬಂದಿ, ಶಿರಸ್ತೆದಾರ ಇವೆಲ್ಲ ಅದೇ ದಾರಿಯಲ್ಲಿ ಬಂದ ಮಾತುಗಳು. ವಿನೋದವೇನೆಂದರೆ, ವಾರಸುದಾರ ಎಂಬ ಶಬ್ದವನ್ನು ನಮಗೆ ಕೊಟ್ಟ ಆ ರಾಜಮನೆತನಗಳಲ್ಲಿ ಸಿಂಹಾಸನಕ್ಕೆ ವಾರಸುದಾರನು ಯಾರೆಂಬ ನಿಯಮವೇ ಇರಲಿಲ್ಲ.

ಆದಿಲ್‌ಷಾಹಿಯ ಮೂಲಪುರುಷನು ಯೂಸುಫ್ ಆದಿಲ್ ಖಾನ್. ಬಹಮನಿ ರಾಜ್ಯವು ಒಡೆಯುತ್ತಿದ್ದಾಗ, 1490ರಲ್ಲಿ, ಇವನು ಬಿಜಾಪುರದಲ್ಲಿ ಸ್ವತಂತ್ರನಾದನು. ಇವನ ಹುಟ್ಟಿನ ವಿಷಯವಾಗಿ ಫೆರಿಷ್ತಾ ಎಂಬ ಚರಿತ್ರಕಾರನು ಹೇಳುವ ಕಥೆಯು ಬಹಳ ರಮ್ಯವಾಗಿದೆ. ತುರ್ಕಿಯ ಸುಲ್ತಾನ ಎರಡನೆಯ ಮುರಾದನು 1451ರಲ್ಲಿ ತೀರಿಕೊಂಡು ಮಹಮ್ಮದನು ಪಟ್ಟಕ್ಕೆ ಬಂದಾಗ, ರಾಜ್ಯಕ್ಕೆ ದಾಯಾದಿ ಉಳಿಯಬಾರದೆಂದು ಎಳೆಯ ತಮ್ಮನನ್ನು ಕೊಲ್ಲಲು ಅಪ್ಪಣೆಯಾಯಿತಂತೆ. ತಾಯಿಯು ಒಂದು ದಿನದ ಅವಕಾಶವನ್ನು ಬೇಡಿ, ಪಾರಸೀಕ ದೇಶದ ಸಾವಾ ಪಟ್ಟಣದ ವರ್ತಕನೊಬ್ಬನಿಂದ ಗುಲಾಮ ಹುಡುಗನನ್ನು ಕೊಂಡು, ತನ್ನ ಮಗನ ಬದಲಿಗೆ ಅವನನ್ನು ಒಪ್ಪಿಸಿ, ಯೂಸುಫನನ್ನು ವರ್ತಕನ ಕೈಯಲ್ಲಿ ಸಾಗಿಸಿಬಿಟ್ಟಳಂತೆ. ಹುಡುಗನು ಸಾವಾದಲ್ಲಿ ಬೆಳೆದು, ಹದಿನೇಳರ ಸುಮಾರಿಗೆ ಹಡಗು ಹತ್ತಿ ಕೊಂಕಣದ ದಾಭೋಳದಲ್ಲಿಳಿದು, ಬೀದರಿನಲ್ಲಿ ಮಹಮೂದ್ ಗವಾನನ ಊಳಿಗಕ್ಕೆ ಸೇರಿದನಂತೆ. ಮಹಮ್ಮದನು ಪಟ್ಟಕ್ಕೆ ಬಂದೊಡನೆ ಹಸುಗೂಸಾಗಿದ್ದ ತಮ್ಮನೊಬ್ಬನನ್ನು ಕೊಲ್ಲಿಸಿದ್ದು ನಿಜ. ಮಿಕ್ಕ ಕಥೆಯನ್ನು ಚರಿತ್ರಕಾರರು ನಂಬುವುದಿಲ್ಲ. ಫೆರಿಷ್ತಾ ಪಾರಸೀಕ ದೇಶದಲ್ಲಿ ಹುಟ್ಟಿ ಬಿಜಾಪುರದ ಅನ್ನವನ್ನುಂಡವನು. ಯೂಸುಫನ ವಂಶದ ದೊರೆಯ ಆಶ್ರಯದಲ್ಲಿ ಕುಳಿತು ಬರೆದವನು. ಅವನ ಕಾಲದವನೇ ಆದ ರಫೀಯುದ್ದೀನ್ ಷಿರಾಜಿಯು ಯೂಸುಫನನ್ನು ಸಾವಾದ ಅಧಿಕಾರಿಯ ಮನೆತನಕ್ಕೆ, ತುರುಕಮಾನರ ಸಂಬಂಧಕ್ಕೆ ಸೇರಿಸುತ್ತಾನೆ. ಎರಡು ಹೇಳಿಕೆಗಳೂ ಒಪ್ಪುವ ಒಂದೇ ಸ್ಥಳವೆಂದರೆ ಸಾವಾ. ಸಿರಿವಂತ ಮನೆತನಗಳೆಲ್ಲ ಮೂಲಪುರುಷನಿಗೊಂದು ಕಥೆಯನ್ನು ಕಟ್ಟಿಕೊಳ್ಳುತ್ತವೆ. ನಮ್ಮ ಪಾಳೆಯಗಾರರ ಕೈಫಿಯತ್ತುಗಳನ್ನು ಓದಿದವರಿಗೆ ಇದು ಹೊಸದಲ್ಲ. ಆದರೆ ಈ ಕಥೆಯ ತಿರುಳನ್ನು ಮಾತ್ರ ನೆನಪಿನಲ್ಲಿಡಬೇಕು. ಅಣ್ಣನ ಕತ್ತಿಯಿಂದ ತಪ್ಪಿಸಿಕೊಂಡ ತಮ್ಮನಿಂದ ತಮ್ಮ ವಂಶವು ಮೊದಲಾಯಿತೆಂದು ಹೆಮ್ಮೆಪಡುತ್ತಿದ್ದವರು, ಮುಂದೆ ತಮ್ಮ ಅಣ್ಣತಮ್ಮಂದಿರಿಗೆ ಮಾಡಿದ್ದೇನೆಂಬುದನ್ನು ಈಗ ನೋಡೋಣ.

ಅದಕ್ಕೆ ಮೊದಲು ದರಬಾರಿನ ಎರಡು ಪಂಗಡಗಳನ್ನು ಪರಿಚಯ ಮಾಡಿಕೊಡಬೇಕು. ಪಾರಸೀಕ, ತುರ್ಕಿ, ಅರಬ್ ದೇಶಗಳಿಂದ ಹೊಸದಾಗಿ ಬಂದವರು ಒಂದು ಕಡೆ, ಇವರನ್ನು ಆಫಾಕಿಗಳೆನ್ನುತ್ತಿದ್ದರು. ಈ ನೆಲದಲ್ಲೇ ತಲೆಮಾರುಗಳಿಂದ ನೆಲಸಿದ್ದ ದಖನಿಗಳೂ, ಅವರೊಡನೆ ಹೆಚ್ಚಾಗಿ ಕೂಡಿಕೊಳ್ಳುತ್ತಿದ್ದ ಆಫ್ರಿಕಾ ಮೂಲದ ಹಬಷಿಗಳೂ ಮತ್ತೊಂದು ಕಡೆ. ಮೊದಲಿನವರಲ್ಲಿ ಷಿಯಾ ಮತದವರು ಹೆಚ್ಚು, ಎರಡನೆಯವರಲ್ಲಿ ಸುನ್ನಿಗಳು ಹೆಚ್ಚು. ಯೂಸುಫನು ಪಾರಸೀಕದ ಹೊಸ ಸಫವಿ ದೊರೆಗಳ ಮಾದರಿಯನ್ನು ನೋಡಿ, 1502ರ ಸುಮಾರಿಗೆ, ಷಿಯಾ ರೀತಿಯಲ್ಲಿ ಖುತಬಾ ಓದಿಸಿದನು. ಶುಕ್ರವಾರದ ಪ್ರಾರ್ಥನೆಯಲ್ಲಿ ಯಾವ ಹೆಸರುಗಳನ್ನು ಓದುತ್ತಾರೆಂಬುದು ಆ ಕಾಲಕ್ಕೆ ನಮ್ಮ ಸರ್ಕಾರಿ ಗೆಜೆಟ್ಟಿನಂತೆ. ಮುಂದಿನ ಎಂಬತ್ತು ವರ್ಷಗಳಲ್ಲಿ ಆ ಓದು ನಾಲ್ಕೈದು ಬಾರಿ ಅತ್ತಿತ್ತ ಹೊರಳಿತು. ಪ್ರತಿಯೊಂದು ಹೊರಳಿಕೆಯ ಹಿಂದೆಯೂ ಒಬ್ಬ ದೊರೆಯ ಮರಣವೋ ಒಬ್ಬ ಪೋಷಕನ ಏಳಿಗೆಯೋ ಇದ್ದೇ ಇದೆ.

ಯೂಸುಫನು 1510ರಲ್ಲಿ ಸತ್ತಾಗ ಮಗ ಇಸ್ಮಾಯಿಲನಿಗೆ ಹನ್ನೆರಡು ಹದಿಮೂರು ವರ್ಷ. ಅಧಿಕಾರವು ದಖನಿ ಪಂಗಡದ ಕಮಾಲ್ ಖಾನನ ಕೈಗೆ ಹೋಯಿತು. ಅವನು ಖುತಬಾವನ್ನು ಸುನ್ನಿ ರೀತಿಗೆ ತಿರುಗಿಸಿದನು. ಪಾರಸೀಕರನ್ನು ಸೈನ್ಯದಿಂದ ತೆಗೆದನು. ಆಮೇಲೆ ಬಾಲಕನನ್ನು ತೆಗೆದು ತಾನೇ ಕುಳಿತುಕೊಳ್ಳಬೇಕೆಂದು ಹವಣಿಸಿದನು. ರಾಜಮಾತೆ ಪೂಂಜಿ ಖಾತೂನಳು ಮರಾಠಾ ಮನೆತನದ ಹೆಣ್ಣು. ಅವಳು ನಂಬಿಕೆಯ ತುರ್ಕಿಯೊಬ್ಬನನ್ನು ಕಳುಹಿಸಿ 1511ರಲ್ಲಿ ಕಮಾಲ್ ಖಾನನನ್ನು ಇರಿಸಿದಳು. ಮುಂದಿನದು ನಾಟಕದಂತಿದೆ. ಕಮಾಲ್ ಖಾನನ ತಾಯಿಯೂ ಸಾಮಾನ್ಯಳಲ್ಲ. ಮಗನು ಸತ್ತ ಸುದ್ದಿಯನ್ನು ಅಡಗಿಸಿ, ಹೆಣವನ್ನು ದಿಂಬುಗಳಿಗೆ ಒರಗಿಸಿ, ಬದುಕಿದ್ದಾನೆಂದು ಜನಕ್ಕೆ ದೂರದಿಂದ ತೋರಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ದಾಳಿಗೆ ಕಳುಹಿಸಿದಳು. ಅರಮನೆಯಲ್ಲಿ ಉಳಿದವರು ಕೆಲವು ಕಾವಲಿನವರೂ ಹೆಂಗಸರೂ ಮಾತ್ರ. ಪಾರಸೀಕದಿಂದ ಬಂದಿದ್ದ ದಿಲ್‌ಷಾದ್ ಆಗಾ ಎಂಬ ಹಿರಿಯಳು ಗಂಡುಡುಗೆಯನ್ನೂ ಕವಚವನ್ನೂ ತೊಟ್ಟು ಬಿಲ್ಲು ಹಿಡಿದು ಮಾಳಿಗೆಯ ಮೇಲೆ ನಿಂತಳು. ಕೊನೆಗೆ ಬಾಲಕ ಇಸ್ಮಾಯಿಲನೇ ಮೇಲಿನಿಂದ ಕಲ್ಲೊಂದನ್ನು ಉರುಳಿಸಲು, ಗೋಡೆಯ ಮರೆಯಲ್ಲಿದ್ದ ಸಫ್ದರನು ಅದರಡಿಯಲ್ಲಿ ಸಿಕ್ಕಿ ಸತ್ತನೆಂದು ಫೆರಿಷ್ತಾ ಬರೆದಿದ್ದಾನೆ. ಎರಡು ಮನೆಗಳ ಇಬ್ಬರು ತಾಯಂದಿರ ನಡುವೆ ಆ ದಿನ ರಾಜ್ಯವು ತೂಗಾಡಿತು. ನಾವು ಕರಿಹಲಗೆಯ ಮೇಲೆ ಬರೆಯುವ ಪಟ್ಟಿಯಲ್ಲಿ ಇವರಿಬ್ಬರ ಹೆಸರಿಗೂ ಜಾಗವಿಲ್ಲ.

ಬೆಳೆದ ಮೇಲೆ ಇಸ್ಮಾಯಿಲನು ದಖನಿಗಳನ್ನು ದೂರವಿಟ್ಟು ಪಾರಸೀಕರನ್ನೇ ನೆಚ್ಚಿದನು. 1519ರಲ್ಲಿ ಪಾರಸೀಕ ಷಾಹನ ರಾಯಭಾರಿಯು ಬಂದು ಇವನನ್ನು ದೊರೆಯೆಂದೇ ಸಂಬೋಧಿಸಿದಾಗ ಉಬ್ಬಿಹೋಗಿ, ತನ್ನ ಸೈನಿಕರಿಗೆ ಸಫವಿಗಳ ಹನ್ನೆರಡು ಮೊನೆಯ ಕೆಂಪು ಟೊಪ್ಪಿಗೆಯನ್ನು ತೊಡಿಸಿದನು. ಶುಕ್ರವಾರಗಳಲ್ಲಿ ಆ ದೂರದ ರಾಜಮನೆತನದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿಸಿದನು. ಕೃಷ್ಣಾ ತೀರದಲ್ಲಿ ಕುಳಿತು ಇರಾನಿನ ಷಾಹನಿಗೆ ಹರಕೆ! ಕೃಷ್ಣದೇವರಾಯನ ಎದುರಿನಲ್ಲಿ 1520ರಲ್ಲಿ ರಾಯಚೂರಿನ ಬಳಿ ಇವನು ಸೋತಾಗ ಆ ಟೊಪ್ಪಿಗೆಯ ಮೊನೆಗಳು ನೆರವಿಗೆ ಬರಲಿಲ್ಲವೆಂಬುದು ಬೇರೆ ಮಾತು.

ಇಸ್ಮಾಯಿಲನು 1534ರಲ್ಲಿ ದಂಡಿನಲ್ಲಿದ್ದಾಗಲೇ ಕಾಯಿಲೆಯಿಂದ ತೀರಿಕೊಂಡನು. ಹಿರಿಯ ಮಗ ಮಲ್ಲೂ ಪಟ್ಟಕ್ಕೆ ಬಂದನು. ಅವನು ದುರ್ನಡತೆಯವನೆಂದು ಎಲ್ಲರೂ ಬರೆದಿದ್ದಾರೆ. ಸೋತವನ ನಡತೆಯನ್ನು ಗೆದ್ದವರ ಲೇಖಕರು ಬರೆದಾಗ ಸ್ವಲ್ಪ ಎಚ್ಚರದಿಂದ ಓದಬೇಕು. ಏನೇ ಇರಲಿ, ಕೆಲವೇ ತಿಂಗಳಲ್ಲಿ ಅವನನ್ನು ಇಳಿಸಿ ಕಣ್ಣು ಕೀಳಿಸಿದರು. ಆ ಅಪ್ಪಣೆಗೆ ಮುಂದಾದವಳು ಅವನ ಅಜ್ಜಿ. ಹಿಂದೆ ಮಗನ ಪಟ್ಟವನ್ನು ಉಳಿಸಿದ ಅದೇ ಪೂಂಜಿ ಖಾತೂನ್. ಅಂಧನು ಆಳಲಾರನೆಂಬುದು ಆ ದೇಶಗಳ ನಂಬಿಕೆಯಾದ್ದರಿಂದ, ಕೊಲ್ಲದೆ ಉತ್ತರಾಧಿಕಾರವನ್ನು ತಪ್ಪಿಸುವ ಉಪಾಯವು ಇದಾಗಿತ್ತು. ಪಾರಸೀಕದಲ್ಲಿಯೂ ಇದೇ ಪದ್ಧತಿ. ಅಲ್ಲಿನ ಮಹಾರಾಜನೆನಿಸಿದ ಮೊದಲನೆಯ ಷಾ ಅಬ್ಬಾಸನು ಒಬ್ಬ ಮಗನನ್ನು 1615ರಲ್ಲಿ ಕೊಲ್ಲಿಸಿ, ಇನ್ನಿಬ್ಬರ ಕಣ್ಣುಗಳನ್ನು ಕೀಳಿಸಿ, 1629ರಲ್ಲಿ ತಾನು ಸಾಯುವಾಗ ಮೊಮ್ಮಗನನ್ನು ಹುಡುಕಬೇಕಾಯಿತು.

ಮಲ್ಲೂವಿನ ತಮ್ಮ ಇಬ್ರಾಹಿಮನು ಸುನ್ನಿ ರೀತಿಗೆ ಮರಳಿ, ಪಾರಸೀಕರಲ್ಲಿ ಬಹುಮಂದಿಯನ್ನು ಕೆಲಸದಿಂದ ಬಿಡಿಸಿ, ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನು. ಬ್ರಾಹ್ಮಣ ಕರಣಿಕರಿಗೆ ಇದರಿಂದ ಪ್ರಾಬಲ್ಯ ಬಂದಿತು. ಪಟ್ಟದ ಮೇಲೆ ಕುಳಿತವನು ಬದಲಾದರೆ ಹಳ್ಳಿಯ ಲೆಕ್ಕದ ಭಾಷೆಯೂ ಬದಲಾಗುತ್ತಿತ್ತೆಂಬುದನ್ನು ನನ್ನ ಕುಣಿಗಲಿನ ಶಿಷ್ಯನು ಗಮನಿಸಬೇಕು. ಇವನ ಮಗ ಆಲಿಯು ಚಿಕ್ಕಂದಿನಲ್ಲಿಯೇ ಷಿಯಾ ಮತಕ್ಕೆ ಒಲಿದನೆಂದು ತಂದೆಯು ಅವನನ್ನು ಮಿರಜಿನ ಕೋಟೆಯಲ್ಲಿಟ್ಟನು. ಕಿರಿಯವನನ್ನಾದರೂ ಪಟ್ಟಕ್ಕೆ ತರೋಣವೆಂದರೆ ಅವನೂ ಅದೇ ಮತದವನಾಗಿದ್ದನು. ಆ ಕಿರಿಯವನ ಹೆಸರು ತಹಮಾಸ್ಪ್. ಷಿಯಾ ಮತವನ್ನು ದ್ವೇಷಿಸಿದ ತಂದೆಯ ಮಗನಿಗೆ ಪಾರಸೀಕದ ಷಿಯಾ ಷಾಹನ ಹೆಸರು! ಅಂತೂ 1558ರಲ್ಲಿ ಆಲಿಯೇ ದೊರೆಯಾದನು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರವನ್ನು ಮುರಿದ ನಾಲ್ವರಲ್ಲಿ ಒಬ್ಬನು ಇವನು. ವಿಜಯನಗರದ ಭಯವು ಹೋದ ಮೇಲೆ ದಕ್ಷಿಣದ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನಲ್ಲಿ ತುಮಕೂರು ಸೀಮೆಯವರೆಗೆ ಅವರು ನುಗ್ಗಿ ಬರುವುದಕ್ಕೆ ಇನ್ನೂ ಎಪ್ಪತ್ತು ವರ್ಷಗಳಿಗಿಂತ ಹೆಚ್ಚು ಹಿಡಿಯಿತು. ಆ ವಿಳಂಬಕ್ಕೂ ಪಟ್ಟದ ಜಗಳವು ಒಂದು ಕಾರಣ.

ಆಲಿಗೆ ಮಕ್ಕಳಿರಲಿಲ್ಲ. ತಹಮಾಸ್ಪನ ಮಗ ಇಬ್ರಾಹಿಮನನ್ನು ಉತ್ತರಾಧಿಕಾರಿಯೆಂದು ಗೊತ್ತುಮಾಡಿದ ಮರುವರ್ಷವೇ, 1580ರಲ್ಲಿ, ಅಂತಃಪುರದ ಸೇವಕನೊಬ್ಬನ ಕೈಯಿಂದ ಕೊಲೆಯಾದನು. ಹುಡುಗನಿಗೆ ಒಂಬತ್ತು ವರ್ಷ. ಕಾಮಿಲ್ ಖಾನ್, ಕಿಷ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್, ಹೀಗೆ ಹತ್ತು ವರ್ಷಗಳಲ್ಲಿ ನಾಲ್ವರು ಆ ಬಾಲಕನ ಹೆಸರಿನಲ್ಲಿ ಆಳಿದರು. ಬಾಲಕನನ್ನು ಸಾಕಿ ಓದು ಕಲಿಸಿದವಳು ಆಲಿಯ ವಿಧವೆ ಚಾಂದಬೀಬಿ. ಕಿಷ್ವರ್ ಖಾನನು ಅವಳನ್ನು ಸಾತಾರೆಯ ಕೋಟೆಗೆ ಸೆರೆ ಕಳುಹಿಸಲು, ಸೈನ್ಯವೇ ಅವನ ಮೇಲೆ ತಿರುಗಿಬಿದ್ದಿತು. ಹಬಷಿಗಳು ಅವಳನ್ನು ಬಿಡಿಸಿದರು. ದಿಲಾವರನ ಕಾಲಕ್ಕೆ ಖುತಬಾ ಮತ್ತೆ ಸುನ್ನಿಯಾಯಿತು. 1590ರಲ್ಲಿ ಇಬ್ರಾಹಿಮನು ಇವನ ಹಿಡಿತವನ್ನು ಕಳಚಿಕೊಂಡನು. ತರುವಾಯ ದಿಲಾವರನ ಕಣ್ಣುಗಳೂ ಹೋದುವು. 1594ರಲ್ಲಿ ಬೆಳಗಾವಿಯ ಕೋಟೆಯಲ್ಲಿದ್ದ ದೊರೆಯ ತಮ್ಮನು ದಂಗೆಯೆದ್ದು ಸಿಕ್ಕಿಬಿದ್ದು ಅದೇ ಗತಿಯನ್ನು ಕಂಡು ಸತ್ತನು. ಇಷ್ಟೆಲ್ಲ ನಡೆದ ಮೇಲೂ ಈ ಎರಡನೆಯ ಇಬ್ರಾಹಿಮನ ಹೆಸರು ಸಂಗೀತಕ್ಕೂ ಕಲೆಗೂ ನಿಂತಿದೆ. ಸರಸ್ವತಿಯನ್ನು ಸ್ತುತಿಸಿ ದಖನಿಯಲ್ಲಿ ಪದಗಳನ್ನು ರಚಿಸಿದವನು, ‘ಕಿತಾಬ್-ಎ-ನೌರಸ್’ ಇವನದು. ಒಬ್ಬನೇ ಮನುಷ್ಯನಲ್ಲಿ ಇವೆರಡೂ ಹೇಗೆ ಕೂಡಿದುವೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಪಟ್ಟಕ್ಕೆ ನಿಯಮವಿಲ್ಲದ ಮನೆಯಲ್ಲಿ ತಮ್ಮನೆಂದರೆ ತಮ್ಮನಲ್ಲ, ಮುಂದಿನ ಯುದ್ಧ. ಮೃದು ಹೃದಯದವನಿಗೂ ಅಲ್ಲಿ ಬೇರೆ ದಾರಿ ಕಾಣುತ್ತಿರಲಿಲ್ಲವೆಂದು ತೋರುತ್ತದೆ.

ಇಬ್ರಾಹಿಮನು 1627ರಲ್ಲಿ ಕಾಲವಾದನು. ಹಿರಿಯ ಮಗ ದರ್ವೇಷನು ಗೋಲ್ಕೊಂಡದ ರಾಜಪುತ್ರಿಯ ಹೊಟ್ಟೆಯಲ್ಲಿ ಹುಟ್ಟಿದವನು; ಹಿರಿತನದಿಂದ ನೋಡಿದರೂ ತಾಯಿಯ ಮನೆತನದಿಂದ ನೋಡಿದರೂ ಅವನೇ ದೊರೆಯಾಗಬೇಕು. ಆದರೆ ಮುಸ್ತಫಾ ಖಾನ್ ಎಂಬ ಪಾರಸೀಕ ಸರದಾರನೂ ದೌಲತ್ ಖಾನ್ ಎಂಬವನೂ ಕೂಡಿ, ಹದಿನೈದರ ಸುಮಾರಿನ ಮಹಮ್ಮದನನ್ನು ಕೂರಿಸಿ, ದರ್ವೇಷನ ಕಣ್ಣುಗಳನ್ನು ಕೀಳಿಸಿದರು. ದೌಲತ್ ಖಾನನು ಖವಾಸ್ ಖಾನನೆಂಬ ಬಿರುದನ್ನು ಪಡೆದು, ಜೊತೆಗಾರನನ್ನೇ ಸೆರೆಗೆ ಹಾಕಿ, ಕೆಲವು ವರ್ಷ ತಾನೇ ದೊರೆಯಂತೆ ಮೆರೆದು ಕೊಲೆಯಾದನು. ಇತ್ತ ದೆಹಲಿಯ ಷಾಜಹಾನನು 1636ರಲ್ಲಿ ಬಿಜಾಪುರದಿಂದ ಇಪ್ಪತ್ತು ಲಕ್ಷ ರೂಪಾಯಿ ಪೇಷ್‌ಕಷ್ ಪಡೆದು, ಗಡಿಯನ್ನು ಕೊರೆದು ಒಪ್ಪಂದ ಮಾಡಿಕೊಂಡನು. ಉತ್ತರದಲ್ಲಿ ಇನ್ನು ಒಂದಂಗುಲ ನೆಲವೂ ಸಿಕ್ಕುವಂತಿರಲಿಲ್ಲ. ತಾನು ಪಟ್ಟವೇರಲು ನೆರವಾದ ಸರದಾರರಿಗೂ, ತನ್ನನ್ನು ಇಳಿಸಬಲ್ಲ ಸರದಾರರಿಗೂ ಜಹಗೀರು ಕೊಡಬೇಕಾದ ದೊರೆಯು ಯಾವ ಕಡೆಗೆ ನೋಡಬೇಕು? ಮಹಮ್ಮದನ ದಂಡುಗಳು ಮರುವರ್ಷವೇ ತುಂಗಭದ್ರೆಯನ್ನು ದಾಟಿದ್ದಕ್ಕೆ ಲೂಟಿಯ ಆಸೆ, ಮತದ ಉತ್ಸಾಹ ಎಂದು ಮಾತ್ರ ಕಾರಣ ಹೇಳುವವರಿದ್ದಾರೆ. ದುರ್ಬಲವಾದ ಹಕ್ಕಿನಿಂದ ಬಂದ ದೊರೆಗೆ ಹೊಸ ನೆಲದ ಅವಶ್ಯಕತೆಯು ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ರಣದುಲ್ಲಾ ಖಾನನೂ, ಅವನೊಡನೆ ಷಹಾಜಿ ಭೋಸಲೆ, ಅಫ್ಜಲ್ ಖಾನ್ ಮೊದಲಾದವರೂ 1637ರಲ್ಲಿ ಇಕ್ಕೇರಿಯ ಮೇಲೆ ಬಂದರು. 1638ರಲ್ಲಿ ಶಿರಾಕ್ಕೆ ಬಂದರು. ಶಿರಾದ ಕೋಟೆಯನ್ನು ರತ್ನಗಿರಿಯ ರಂಗಪ್ಪ ನಾಯಕನು ಕಟ್ಟಿಸಲು ತೊಡಗಿ, ಅದಿನ್ನೂ ಮುಗಿದಿರಲಿಲ್ಲ. ಸಂಧಾನದ ಮಾತಿಗೆಂದು ಹೊರಗೆ ಬಂದ ಶಿರಾದ ಕಸ್ತೂರಿ ರಂಗನನ್ನು ಅಫ್ಜಲ್ ಖಾನನು ಕೊಲ್ಲಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಇಪ್ಪತ್ತು ವರ್ಷಗಳ ತರುವಾಯ, 1659ರಲ್ಲಿ, ಪ್ರತಾಪಗಡದ ಕೆಳಗೆ ಅಂತಹುದೇ ಒಂದು ಸಂಧಾನದಲ್ಲಿ ಅಫ್ಜಲ್ ಖಾನನು ಶಿವಾಜಿಯ ಕೈಯಿಂದ ಸತ್ತುದನ್ನು ಎಲ್ಲರೂ ಬಲ್ಲರು. ಶಿವಾಜಿಯು ಮೈಯೊಳಗೆ ಕವಚವನ್ನು ತೊಟ್ಟು ಹೋದದ್ದೇಕೆಂಬುದಕ್ಕೆ ಉತ್ತರವು ನಮ್ಮ ಶಿರಾದಲ್ಲಿದೆ. ನಾಯಕನು ಅರ್ಧಕ್ಕೆ ಬಿಟ್ಟ ಕೋಟೆಯನ್ನು ಬಿಜಾಪುರದ ಅಧಿಕಾರಿಯಾದ ಮಲಿಕ್ ಹುಸೇನನು ಮುಗಿಸಿ, ಊರಿಗೆ ಮಣ್ಣಿನ ಗೋಡೆ ಹಾಕಿಸಿದನು. ಅದೇ ವರ್ಷ ಬೆಂಗಳೂರು ಬಿದ್ದಿತು. ಅಲ್ಲಿನ ಕೆಂಪೇಗೌಡನು ಊರನ್ನು ಬಿಟ್ಟು ಮಾಗಡಿಗೆ ಸರಿದನು. ಅವನಿಗೆ ಉಳಿದ ಆಸರೆಗಳಲ್ಲಿ ಸಾವನದುರ್ಗವಲ್ಲದೆ ಕುಣಿಗಲ್ ಸೀಮೆಯ ಹುತ್ರಿದುರ್ಗ, ಹುಲಿಯೂರುದುರ್ಗಗಳೂ ಸೇರಿದ್ದುವು. ಚಿಕ್ಕನಾಯಕನಹಳ್ಳಿ, ತುಮಕೂರುಗಳೂ ಒಂದೆರಡು ವರ್ಷಗಳಲ್ಲಿ ಬಿಜಾಪುರದ ದಂಡಿಗೆ ಮಣಿದುವು. ಗುಬ್ಬಿಯ ಬಳಿಯ ಹೊಸಹಳ್ಳಿ ಗೌಡರಂತಹ ಸಣ್ಣ ಪಾಳೆಯಗಾರರಿಗೆ ಇಂತಹ ಕಾಲದಲ್ಲಿ ಉಳಿದ ದಾರಿಯೊಂದೇ. ಯಾರ ದಂಡು ಬಂದರೆ ಅವರಿಗೆ ಪೊಗದಿ ಕೊಡುವುದು, ದಂಡು ಹೋದ ಮೇಲೆ ಕೊಡದಿರಲು ನೆವವನ್ನು ಹುಡುಕುವುದು. ಹುತ್ರಿದುರ್ಗದ ಬಂಡೆಯನ್ನು ಹತ್ತಿ ಕೆಳಗಿನ ಸೀಮೆಯನ್ನು ನೋಡಿದಾಗಲೆಲ್ಲ ನನಗೆ ದರ್ವೇಷನ ನೆನಪು ಬರುತ್ತದೆ. ಅವನ ಕಣ್ಣು ಉಳಿದಿದ್ದರೆ ಇಲ್ಲಿನ ಇತಿಹಾಸವು ಬೇರೆಯಾಗುತ್ತಿತ್ತೆಂದು ಹೇಳಲಾರೆ. ಆದರೆ ಇಲ್ಲಿಗೆ ಬಂದ ದಂಡನ್ನು ಕಳುಹಿಸಿದವನು ಅವನ ಜಾಗದಲ್ಲಿ ಕುಳಿತವನು.

ಗೋಲ್ ಗುಮ್ಮಟದಡಿಯಲ್ಲಿ ಮಲಗಿರುವವನು ಈ ಮಹಮ್ಮದನೇ. ಇವನು 1656ರ ನವೆಂಬರಿನಲ್ಲಿ ಸಾಯಲು, ಅರಮನೆಯಲ್ಲಿ ಬೆಳೆದಿದ್ದ ಹದಿನೆಂಟರ ಆಲಿಯನ್ನು, ಪಟ್ಟದ ರಾಣಿ ಬಡೀ ಸಾಹೇಬಳೂ ಪ್ರಧಾನ ಖಾನ್ ಮಹಮ್ಮದನೂ ಸಿಂಹಾಸನಕ್ಕೆ ತಂದರು. ಆಗ ದಖನ್ನಿನಲ್ಲಿ ಮೊಗಲ್ ಪ್ರತಿನಿಧಿಯಾಗಿದ್ದವನು ಷಾಜಹಾನನ ಮೂರನೆಯ ಮಗ ಔರಂಗಜೇಬ್. ಈ ಆಲಿಯು ಮಹಮ್ಮದನ ಮಗನೇ ಅಲ್ಲ, ಎಲ್ಲಿಂದಲೋ ತಂದು ಸಾಕಿದ ಹುಡುಗನೆಂದು ಅವನು ತಂದೆಗೆ ಬರೆದನು. ಮೊಗಲರಿಗೆ ಅಧೀನವಾದ ರಾಜ್ಯದಲ್ಲಿ ವಾರಸುದಾರನಿಲ್ಲದಿದ್ದರೆ ತೀರ್ಮಾನವು ಚಕ್ರವರ್ತಿಯದೆಂದು ವಾದ ಹೂಡಿದನು. ಆಲಿಯ ಹುಟ್ಟಿನ ನಿಜವು ಆಗಲೂ ಯಾರಿಗೂ ಬೇಕಾಗಿರಲಿಲ್ಲ. ಸುಮಾರು ಇನ್ನೂರು ವರ್ಷಗಳ ನಂತರ ಡಾಲ್‌ಹೌಸಿಯು ದತ್ತು ಮಕ್ಕಳ ಹಕ್ಕನ್ನು ತಳ್ಳಿಹಾಕಿ ಸಾತಾರಾ, ನಾಗಪುರಗಳನ್ನು ನುಂಗಿದ್ದನ್ನು ಓದಿದವರಿಗೆ ಈ ವಾದದ ರುಚಿಯು ಗೊತ್ತೇ ಇದೆ. 1657ರಲ್ಲಿ ಬೀದರವೂ ಕಲ್ಯಾಣವೂ ಮೊಗಲರ ವಶವಾದುವು. ಬಿಜಾಪುರದ ಸರದಿಯು ಬಂದಿತೆನ್ನುವಷ್ಟರಲ್ಲಿ ದೆಹಲಿಯಿಂದ ಸುದ್ದಿ ಬಂದಿತು: ಷಾಜಹಾನನಿಗೆ ಕಾಯಿಲೆ. ಪರರ ಮನೆಯ ಉತ್ತರಾಧಿಕಾರವನ್ನು ಇತ್ಯರ್ಥಪಡಿಸಲು ಬಂದಿದ್ದವನು ದಂಡನ್ನು ಕಟ್ಟಿಕೊಂಡು ತನ್ನ ಮನೆಯ ಉತ್ತರಾಧಿಕಾರಕ್ಕೆ ಓಡಿದನು. ದಾರಾ, ಷೂಜಾ, ಮುರಾದರೆಂಬ ಮೂವರು ಸೋದರರ ಗತಿ ಏನಾಯಿತೆಂಬುದು ಶಾಲೆಯ ಮಕ್ಕಳಿಗೂ ತಿಳಿದಿದೆ. ಆ ಅಣ್ಣತಮ್ಮಂದಿರ ಯುದ್ಧದ ದೆಸೆಯಿಂದ ಬಿಜಾಪುರಕ್ಕೆ ಇನ್ನೂ ಇಪ್ಪತ್ತೊಂಬತ್ತು ವರ್ಷ ಆಯುಸ್ಸು ದೊರೆಯಿತು.

ಆ ಆಯುಸ್ಸೂ ನೆಮ್ಮದಿಯದಾಗಲಿಲ್ಲ. ಆಲಿಯು 1672ರಲ್ಲಿ ಸತ್ತಾಗ ಮಗ ಸಿಕಂದರನು ನಾಲ್ಕೈದು ವರ್ಷದ ಶಿಶು. ಖವಾಸ್ ಖಾನನೆಂಬ ಬಿರುದಿನ ಮತ್ತೊಬ್ಬನು, ಅವನನ್ನು ತೆಗೆದು ಪಠಾಣ ಬಹಲೋಲ್ ಖಾನನು, ಅವನ ನಂತರ ಸಿದ್ದಿ ಮಸೂದನು ಆಳಿದರು. ಬಿಜಾಪುರಕ್ಕೆ ತನ್ನ ಜಹಗೀರುದಾರರನ್ನು ಕೇಳುವ ಶಕ್ತಿಯೂ ಉಳಿಯಲಿಲ್ಲ. ಷಹಾಜಿಯು 1664ರಲ್ಲಿ ಹೊದಿಗೆರೆಯಲ್ಲಿ ಬೇಟೆಯಾಡುವಾಗ ತೀರಿಕೊಂಡಮೇಲೆ ಅವನ ಕರ್ನಾಟಕದ ಜಹಗೀರು ಕಿರಿಯ ಮಗ ವೆಂಕೋಜಿಯ ಕೈಯಲ್ಲಿತ್ತು. 1677ರಲ್ಲಿ ಶಿವಾಜಿಯು ದೊಡ್ಡ ಸೈನ್ಯದೊಡನೆ ದಕ್ಷಿಣಕ್ಕೆ ಬಂದು ತಂದೆಯ ಆಸ್ತಿಯಲ್ಲಿ ಅರ್ಧಭಾಗವನ್ನು ಕೇಳಿದನು. ಪಾಲುಪಾರೀಕತ್ತಿನ ಮಾತು ನಮ್ಮಲ್ಲಿ ಎಷ್ಟು ಹಳೆಯದು ನೋಡಿ! ಜಹಗೀರು ಕೊಟ್ಟ ಒಡೆಯನು ಬಿಜಾಪುರದ ಸುಲ್ತಾನನೆಂಬುದನ್ನು ಆ ಹೊತ್ತಿಗೆ ಅಣ್ಣನೂ ನೆನೆಯಲಿಲ್ಲ, ತಮ್ಮನೂ ನೆನೆಯಲಿಲ್ಲ.

1685ರಲ್ಲಿ ಔರಂಗಜೇಬನ ಸೈನ್ಯವು ಬಿಜಾಪುರವನ್ನು ಮುತ್ತಿತು. 1686ರ ಸೆಪ್ಟೆಂಬರಿನಲ್ಲಿ ಹದಿನೆಂಟರ ಸಿಕಂದರನು ಕೋಟೆಯಿಂದ ಹೊರಬಂದು ಚಕ್ರವರ್ತಿಗೆ ತಲೆಬಾಗಿದನು. ಹದಿನಾಲ್ಕು ವರ್ಷ ಸೆರೆಯಲ್ಲ ಸೆರೆಯಂತೆ ಬದುಕಿ 1700ರಲ್ಲಿ ಸತ್ತನು. ನೂರ ತೊಂಬತ್ತಾರು ವರ್ಷಗಳ ಮನೆತನವು ಅಲ್ಲಿಗೆ ಮುಗಿಯಿತು. ಮರುವರ್ಷವೇ ಅದರ ಫಲವು ನಮ್ಮ ಬಾಗಿಲಿಗೆ ಬಂದಿತು. 1687ರಲ್ಲಿ ಕಾಸಿಂ ಖಾನನು ದಕ್ಷಿಣಕ್ಕೆ ಬಂದು ಬೆಂಗಳೂರನ್ನು ಹಿಡಿದು, ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಕೊಟ್ಟನು. ಶಿರಾವನ್ನು ರಾಜಧಾನಿಯಾಗಿ ಮಾಡಿ, ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣಗಳ ಸುಬಾವನ್ನು ಏರ್ಪಡಿಸಿದನು. ಮುಂದೆ ಬಂದ ಸುಬೇದಾರ ದಿಲಾವರ್ ಖಾನನು ಶಿರಾದಲ್ಲಿ ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳಲ್ಲಿ ಹೈದರನೂ ಟಿಪ್ಪುವೂ ಕಟ್ಟಿಸಿದವುಗಳಿಗೆ ಮಾದರಿಯಾಯಿತೆಂದು ಹೇಳುತ್ತಾರೆ. ಆ ಅರಮನೆಯು ಈಗ ಇಲ್ಲ.

ಸುಬೇದಾರಿಕೆಯು ಚಕ್ರವರ್ತಿಯ ನೇಮಕ. ತಂದೆಯಿಂದ ಮಗನಿಗೆ ಇಳಿಯತಕ್ಕದ್ದಲ್ಲ. ಆದರೆ 1707ರಲ್ಲಿ ಔರಂಗಜೇಬನು ಸತ್ತು, ಅವನ ಮಕ್ಕಳು ಅವನ ಮಾದರಿಯನ್ನೇ ಅನುಸರಿಸಿ ಕಾದಾಡಿದರು. ಕಿರಿಯವನಾದ ಕಾಮಬಕ್ಷನು ಬಿಜಾಪುರದಲ್ಲಿಯೇ ಕಿರೀಟವನ್ನಿಟ್ಟುಕೊಂಡು, 1709ರಲ್ಲಿ ಹೈದರಾಬಾದಿನ ಬಳಿ ಅಣ್ಣನ ಸೈನ್ಯದೆದುರು ಗಾಯಗೊಂಡು ಸತ್ತನು. ಕೇಂದ್ರವು ಸಡಿಲವಾದ ಮೇಲೆ ಶಿರಾದಲ್ಲಿಯೂ ಅಧಿಕಾರಿಗಳು ತಮ್ಮ ಪದವಿಗಳನ್ನು ಮನೆತನದ ಆಸ್ತಿಯಂತೆ ಕಾಣತೊಡಗಿದರು. ಸುಬೇದಾರ ದರ್ಗಾ ಕುಲಿ ಖಾನನ ಮಗ ಅಬ್ಬಾಸ್ ಕುಲಿ ಖಾನನಿಗೆ ದೊಡ್ಡಬಳ್ಳಾಪುರದ ಜಹಗೀರು ಬಂದಿತ್ತು. ಶಿರಾದ ಸುಬೇದಾರಿಕೆಗಾಗಿ ನಡೆದ ಜಗಳದಲ್ಲಿ ಫತ್ತೇ ಮಹಮ್ಮದನೆಂಬ ದಂಡಿನ ಅಧಿಕಾರಿಯು ಮಡಿದನು. ಅವನ ವಿಧವೆಯೂ ಇಬ್ಬರು ಗಂಡುಮಕ್ಕಳೂ ಅಬ್ಬಾಸ್ ಕುಲಿಯ ಕೈಗೆ ಸಿಕ್ಕಿದರು. ಸತ್ತವನಿಂದ ತನಗೆ ಸಾಲ ಬರಬೇಕೆಂದು ನೆವ ಹೇಳಿ, ಹಣವನ್ನು ಕಕ್ಕಿಸಲು, ಆ ಮಕ್ಕಳನ್ನು ನಗಾರಿಯೊಳಗೆ ಕೂರಿಸಿ ಚರ್ಮವನ್ನು ಬಿಗಿದು ಹಿಂಸೆಪಡಿಸಿದನೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಹೇಳುತ್ತಾನೆ. ಆ ಇಬ್ಬರಲ್ಲಿ ಕಿರಿಯವನು ಹೈದರ್ ಆಲಿ.

ಮುಂದೆ 1761ರಲ್ಲಿ ನಿಜಾಮನ ಸೋದರನಾದ ಬಸಾಲತ್ ಜಂಗನು ಮೂರು ಲಕ್ಷ ರೂಪಾಯಿಗೆ ಹೈದರನಿಗೆ ‘ಶಿರಾದ ನವಾಬ’ನೆಂಬ ಪದವಿಯನ್ನು ಮಾರಿದನು. ಕೊಟ್ಟವನ ವಶದಲ್ಲಿ ಶಿರಾ ಇರಲಿಲ್ಲ, ಕೊಂಡವನ ವಶದಲ್ಲಿಯೂ ಇರಲಿಲ್ಲ, ಮರಾಠರ ಕೈಯಲ್ಲಿತ್ತು. ಇಬ್ಬರೂ ಕೂಡಿ ಹೊಸಕೋಟೆಯನ್ನೂ ಶಿರಾವನ್ನೂ ಹಿಡಿದರು. ಹೈದರನು ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೆ ತಿರುಗಿದನು. ಅವನು ಬರುವ ಸುದ್ದಿ ಕೇಳುತ್ತಲೇ ಅಬ್ಬಾಸ್ ಕುಲಿ ಖಾನನು ಹೆಂಡಿರುಮಕ್ಕಳನ್ನೂ ಬಿಟ್ಟು ಮದರಾಸಿಗೆ ಓಡಿಹೋದನು. ಸೆರೆಸಿಕ್ಕಿದ ಆ ಸಂಸಾರವನ್ನು ಹೈದರನು ಮರ್ಯಾದೆಯಿಂದ ನಡೆಸಿಕೊಂಡನು. 1769ರಲ್ಲಿ ಹೈದರನ ಕುದುರೆಗಳು ಮದರಾಸಿನ ಹೊರವಲಯದವರೆಗೆ ಬಂದಾಗ ಆ ಮುದುಕನು ಹರಕು ದೋಣಿಯೊಂದನ್ನು ಹತ್ತಿ ಸಮುದ್ರಕ್ಕೆ ಹೋದನಂತೆ. ಹೈದರನು ಹಿಂದಿರುಗಿದನೆಂಬುದು ಖಚಿತವಾಗುವವರೆಗೆ ದಡಕ್ಕೆ ಕಾಲಿಡಲಿಲ್ಲವಂತೆ.